ಯೋಗ ಕ್ಲಾಸ್ ಇರಲಿ, ಮೊದಲು ಟಾರ್ಗೆಟ್ ಇಳಿಸಿ: ಕೆಲಸದ ಜಾಗದಲ್ಲಿ ಆತ್ಮಹತ್ಯೆ ತಡೆಯಲು ಮಾಲೀಕರು ಮಾಡಬೇಕಾದ್ದೇನು?

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಅವತ್ತು ಎಷ್ಟೋ ಆಫೀಸುಗಳಲ್ಲಿ ಒಂದು ಗಂಟೆಯ ವೆಬಿನಾರ್, ಒಂದಿಷ್ಟು ಪ್ರಾಣಾಯಾಮ, ಗೋಡೆ ಮೇಲೆ ‘ಮಾತಾಡಿ, ನಾವಿದ್ದೀವಿ’ ಅನ್ನೋ ಪೋಸ್ಟರ್. ಮರುದಿನ ಅದೇ ಟಾರ್ಗೆಟ್, ಅದೇ ಬೈಗುಳ, ರಾತ್ರಿ 11ಕ್ಕೆ ಅದೇ ವಾಟ್ಸಾಪ್ ಮೆಸೇಜು. ಯೋಗ ಬೇಡ ಅಂತ ನಾನು ಹೇಳ್ತಿಲ್ಲ. ಕೆಲಸಗಾರರ ಮನಸ್ಸು ಗಟ್ಟಿಯಾಗಬೇಕು ಅಂತ ಪಾಠ ಹೇಳಿ, ಕೆಲಸವನ್ನು ಮಾತ್ರ ಇದ್ದ ಹಾಗೇ ಬಿಡುವುದಕ್ಕೆ ನನ್ನ ತಕರಾರು.

ಇದು ಬರೀ ಐಟಿ ಸಮಸ್ಯೆಯಲ್ಲ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ದಿನಗೂಲಿಗಳು. ಅಂದರೆ, ಎಚ್‌ಆರ್ ವಿಭಾಗವೇ ಇಲ್ಲದ ಜಾಗಗಳಲ್ಲಿ ದುಡಿಯುವವರು. ಟೆಕ್ ಪಾರ್ಕಿನ ಇಂಜಿನಿಯರ್ ಬಗ್ಗೆ ಮಾತಾಡುವಾಗ ಅದೇ ಗೇಟಿನಲ್ಲಿ ನಿಂತ ಗುತ್ತಿಗೆ ಸೆಕ್ಯೂರಿಟಿಯವರನ್ನೂ, ಗಾರ್ಮೆಂಟ್ಸ್ ಲೈನಿನ ಹೆಣ್ಣುಮಕ್ಕಳನ್ನೂ ಲೆಕ್ಕಕ್ಕೆ ತಗೋಬೇಕು.

ಆತ್ಮಹತ್ಯೆಗೆ ಒಂದೇ ಕಾರಣ ಇರುವುದಿಲ್ಲ. ಸಾಲ, ಸಂಬಂಧ, ಕಾಯಿಲೆ, ಒಂಟಿತನ ಎಲ್ಲವೂ ಹೆಣೆದುಕೊಂಡಿರುತ್ತವೆ. ಆದರೆ ‘ಅದು ಅವರ ಪರ್ಸನಲ್ ವಿಷಯ’ ಅಂತ ಮಾಲೀಕರು ಕೈತೊಳೆದುಕೊಳ್ಳಲು ಇದು ನೆಪವಾಗಬಾರದು.

ಫ್ರಾನ್ಸ್ ಕಲಿಸಿದ ಪಾಠ

ಫ್ರಾನ್ಸ್ ಟೆಲಿಕಾಂ (ಈಗಿನ ಆರೆಂಜ್) 2000ದ ದಶಕದ ಕೊನೆಯಲ್ಲಿ 22,000 ಹುದ್ದೆ ಕಡಿತಕ್ಕೆ ಹೊರಟಿತ್ತು. ಹಲವರನ್ನು ಸುಲಭವಾಗಿ ಕಿತ್ತುಹಾಕುವ ಹಾಗಿರಲಿಲ್ಲ. ಹಾಗಾಗಿ ಪದೇ ಪದೇ ವರ್ಗಾವಣೆ, ಹುದ್ದೆ ಬದಲಾವಣೆ, ಒತ್ತಡ. ಅವರೇ ಬಿಟ್ಟುಹೋಗಲಿ ಅನ್ನೋ ಲೆಕ್ಕಾಚಾರ. ನ್ಯಾಯಾಲಯ 39 ಸಂತ್ರಸ್ತರ ಪ್ರಕರಣ ಪರಿಶೀಲಿಸಿತು. ಅವರಲ್ಲಿ 19 ಜನ ಆತ್ಮಹತ್ಯೆ ಮಾಡಿಕೊಂಡಿದ್ದರು, 12 ಜನ ಯತ್ನಿಸಿದ್ದರು. 2019ರ ಡಿಸೆಂಬರ್‌ನಲ್ಲಿ ಮಾಜಿ ಮುಖ್ಯಸ್ಥ ಡಿಡಿಯೆ ಲೊಂಬಾರ್ ಮತ್ತು ಕಂಪನಿ ಇಬ್ಬರೂ ತಪ್ಪಿತಸ್ಥರು ಅಂತ ತೀರ್ಪು ಬಂತು. 2025ರ ಜನವರಿಯಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಕಂಪನಿಯ ನೀತಿಯೇ ಕಿರುಕುಳ ಆಗಬಹುದು ಎಂಬುದನ್ನು ಎತ್ತಿಹಿಡಿಯಿತು. ಒಬ್ಬ ಕೆಟ್ಟ ಮ್ಯಾನೇಜರ್ ಮೇಲೆ ಗೂಬೆ ಕೂರಿಸಿ ಪಾರಾಗೋಕಾಗಲ್ಲ ಅನ್ನೋದು ಇದರ ತಿರುಳು.

ಮಾಲೀಕರು ಮಾಡಬೇಕಾದ್ದು

*ಕೆಲಸ ಬದಲಿಸಿ.* ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಮಾಹಿತಿ ಇಟ್ಟುಕೊಂಡು ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವೆಲ್‌ನೆಸ್ ಆ್ಯಪ್, ಒತ್ತಡ ನಿರ್ವಹಣೆ ತರಬೇತಿಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಚೆನ್ನಾಗಿರುವುದು ಅದರಲ್ಲಿ ಕಂಡುಬರಲಿಲ್ಲ. ಟಾರ್ಗೆಟ್, ಪಾಳಿ, ರಜೆ, ಕೆಲಸದ ಭದ್ರತೆ, ಇವುಗಳಿಂದ ಶುರು ಮಾಡಿ.

*ಮೇಲ್ವಿಚಾರಕರಿಗೆ ತರಬೇತಿ ಕೊಡಿ.* ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸೂಪರ್‌ವೈಸರ್ ಡಾಕ್ಟರ್ ಆಗಬೇಕಿಲ್ಲ. ಯಾರಾದ್ರೂ ಕುಗ್ಗಿದ್ದಾರೆ ಅಂತ ಗುರುತಿಸೋದು, ಪಕ್ಕಕ್ಕೆ ಕರೆದು ಕೇಳೋದು, ಸಹಾಯಕ್ಕೆ ದಾರಿ ತೋರಿಸೋದು ಗೊತ್ತಿದ್ದರೆ ಸಾಕು. ಎಲ್ಲರೆದುರು ಬೈಯೋದು ಶಿಸ್ತಲ್ಲ.

*ಗುಟ್ಟು ಕಾಪಾಡಿ.* ಕೌನ್ಸೆಲರ್ ಹತ್ತಿರ ಹೇಳಿದ್ದು ಅಪ್ರೈಸಲ್‌ನಲ್ಲಿ ಕಾಣಿಸಿಕೊಂಡರೆ ಮತ್ತ್ಯಾರೂ ಬಾಯಿ ಬಿಡಲ್ಲ.

*ನಾಜೂಕಿನ ಗಳಿಗೆಯಲ್ಲಿ ಒಂಟಿಯಾಗಿ ಬಿಡಬೇಡಿ.* ವಜಾ, ಶಿಸ್ತು ವಿಚಾರಣೆ, ಬಲವಂತದ ರಾಜೀನಾಮೆ, ಇವು ಅಪಾಯದ ಹೊತ್ತು. ಶುಕ್ರವಾರ ಸಂಜೆ ಮೇಲ್ ಕಳಿಸಿ ಲಾಗಿನ್ ಕಿತ್ತುಕೊಳ್ಳೋದು ಕ್ರೌರ್ಯ. ಮುಖತಃ ಹೇಳಿ, ಜೊತೆಗೆ ಒಬ್ಬರನ್ನು ಕರೆತರಲು ಬಿಡಿ, ಬಾಕಿ ಹಣ ತಡಮಾಡಬೇಡಿ.

*ಮರಳಿ ಬರುವವರಿಗೆ ದಾರಿ ಮಾಡಿ.* ಚಿಕಿತ್ಸೆ ಮುಗಿಸಿ ಬಂದವರಿಗೆ ಮೊದಲ ವಾರಗಳಲ್ಲಿ ಹೊರೆ ಕಡಿಮೆ ಇರಲಿ, ಹುದ್ದೆ ಉಳಿದಿರಲಿ.

*ಸಾವು ಸಂಭವಿಸಿದರೆ* ಮುಚ್ಚಿಡಬೇಡಿ, ವಿಧಾನದ ವಿವರ ಹರಡಬೇಡಿ. ಜೊತೆಗಿದ್ದವರಿಗೆ ರಜೆ, ಆಪ್ತಸಮಾಲೋಚನೆ ಕೊಡಿ. ಕೆಲಸದ ಪಾತ್ರ ಏನಿತ್ತು ಅಂತ ಕಾರ್ಮಿಕರ ಪ್ರತಿನಿಧಿಯನ್ನೂ ಸೇರಿಸಿ ತನಿಖೆ ಮಾಡಿ.

ಕಾನೂನು ಎಲ್ಲಿದೆ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. 21ನೇ ಕಲಂ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು. ನಿಮ್ಮ ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಏನೇನಿದೆ ಅಂತ ಕೇಳಿ ನೋಡಿ.

ಇನ್ನೊಂದು ಕಡೆ ನಮ್ಮ ರಾಜ್ಯದಲ್ಲೇ ಗಾಳಿ ಉಲ್ಟಾ ಬೀಸುತ್ತಿದೆ. 2024ರಲ್ಲಿ ಐಟಿ ಉದ್ಯೋಗಿಗಳ ದಿನದ ದುಡಿಮೆಯನ್ನು 14 ಗಂಟೆವರೆಗೆ ಎಳೆಯುವ ಪ್ರಸ್ತಾಪ ಬಂತು. 2025ರಲ್ಲಿ ಓಟಿ ಸೇರಿ 12 ಗಂಟೆಯ ಪ್ರಸ್ತಾಪ ಬಂತು. ಐಟಿ ಉದ್ಯೋಗಿಗಳ ಸಂಘಟನೆ ಕೆಐಟಿಯು ಎರಡನ್ನೂ ವಿರೋಧಿಸಿತು. ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿಯನ್ನೂ ಸರ್ಕಾರ ಮುಂದುವರಿಸುತ್ತಲೇ ಬಂತು. ವಜಾ, ಶಿಸ್ತುಕ್ರಮಕ್ಕೆ ಲಿಖಿತ ನಿಯಮ ಬೇಕು ಅನ್ನುತ್ತಿದ್ದ ಕಾಯ್ದೆ ಅದು. ಮಾನಸಿಕ ಆರೋಗ್ಯದ ಬಗ್ಗೆ ಭಾಷಣ ಮಾಡುವ ಸಚಿವರನ್ನು ಈ ಎರಡು ವಿಷಯ ಕೇಳದೆ ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ.

ಪಕ್ಕದ ಸೀಟಿನವರಾಗಿ ನೀವು

ಯಾರಾದ್ರೂ ‘ನಾನಿದ್ದು ಏನು ಪ್ರಯೋಜನ’ ಅಂತಿದ್ದರೆ, ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿದ್ದರೆ, ತಮ್ಮ ವಸ್ತುಗಳನ್ನು ಹಂಚುತ್ತಿದ್ದರೆ, ನೇರವಾಗಿ ಕೇಳಿ: ‘ಸಾಯೋ ಯೋಚನೆ ಬರ್ತಿದೆಯಾ?’ ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತೆ ಅನ್ನೋದು ತಪ್ಪು ಕಲ್ಪನೆ. ಉಪದೇಶ ಬೇಡ, ಕೇಳಿಸಿಕೊಳ್ಳಿ. ಅಪಾಯ ಹತ್ತಿರದಲ್ಲಿದೆ ಅನಿಸಿದರೆ ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ ಅಥವಾ 112ಕ್ಕೆ ಕರೆ ಮಾಡಿ.

ಟೆಲಿ ಮನಸ್ ಸಹಾಯವಾಣಿ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ನಂಬರ್ ನಿಮ್ಮ ಆಫೀಸಿನ, ಫ್ಯಾಕ್ಟರಿಯ ನೋಟಿಸ್ ಬೋರ್ಡಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಇವತ್ತೇ ಬರೆಸಿ. ನಂಬರ್ ಬರೆದ ಮೇಲೆ ಅದರ ಪಕ್ಕದಲ್ಲೇ ನೇತುಹಾಕಿರುವ ಟಾರ್ಗೆಟ್ ಪಟ್ಟಿಯ ಬಗ್ಗೆಯೂ ಮಾತು ತೆಗೆಯಿರಿ, ಒಬ್ಬರೇ ಅಲ್ಲ, ಜೊತೆಯಾಗಿ.