ಕುಂಡದ ಕಾಳುಮೆಣಸು: ಒಂದು ಸಸಿಗೆ ಎಷ್ಟು ಕೊಟ್ಟರೆ ನ್ಯಾಯ?

ಮುಂಬೈ, ಪುಣೆ, ಚೆನ್ನೈನ ಬಾಲ್ಕನಿಗಳಲ್ಲಿ ತುಳಸಿ, ಕರಿಬೇವು, ದೊಡ್ಡಪತ್ರೆಯ ಪಕ್ಕದಲ್ಲಿ ಕಾಳುಮೆಣಸಿಗೂ ಒಂದು ಕುಂಡ ಸಿಗತೊಡಗಿದೆ. ಯಾರೋ ಒಬ್ಬರು ತಮ್ಮ ಗಿಡದಲ್ಲಿ ಹಸಿರು ಕಾಳು ಜೋತಾಡುವ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. 'ನಮಗೂ ಒಂದು ಸಸಿ ಮಾಡಿಕೊಡಿ' ಎಂದು ಹತ್ತು ಮಂದಿ ಕೇಳುತ್ತಾರೆ. ದರದ ಗೊಂದಲ ಶುರುವಾಗುವುದು ಅಲ್ಲಿಂದಲೇ. ಒಬ್ಬರು 30 ರೂಪಾಯಿಗೆ ಕೊಡುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು 350 ಕೇಳುತ್ತಾರೆ. ಹೊಸಬರ ಕಣ್ಣಿಗೆ ಎರಡೂ ಸಸಿಗಳು ಒಂದೇ.

ಇಬ್ಬರೂ ಪ್ರಾಮಾಣಿಕರೇ ಇರಬಹುದು. ಅವರು ಮಾರುತ್ತಿರುವುದು ಎರಡು ಬೇರೆ ಬೇರೆ ವಸ್ತುಗಳನ್ನು. ಆದರೆ 30 ರೂಪಾಯಿಯ ಸಸಿಯನ್ನೇ 350ಕ್ಕೆ ಮಾರುವವರೂ ಇದ್ದಾರೆ. ಆ ಮೋಸ ಗೊತ್ತಾಗುವಷ್ಟರಲ್ಲಿ ಒಂದೆರಡು ಮಳೆಗಾಲ ಕಳೆದಿರುತ್ತದೆ.

ಬಳ್ಳಿಯ ಯಾವ ಭಾಗದ ತುಂಡು?

ಮೆಣಸಿನಕಾಯಿ ಸಸಿಯ ಲೆಕ್ಕ ಸುಲಭ. ಒಂದು ಹಣ್ಣಿನಲ್ಲಿ ಹತ್ತಾರು ಬೀಜ, ಬಿತ್ತಿದರೆ ಒಂದೂವರೆ ತಿಂಗಳಲ್ಲಿ ಸಸಿ ಸಿದ್ಧ. ಕಾಳುಮೆಣಸಿನದು ಹಾಗಲ್ಲ. ಇದನ್ನು ಸಾಮಾನ್ಯವಾಗಿ ಬಳ್ಳಿಯ ತುಂಡಿನಿಂದಲೇ ಬೆಳೆಸುತ್ತಾರೆ. ಬೀಜದಿಂದ ಹುಟ್ಟಿದ ಸಸಿಯಲ್ಲಿ ತಾಯಿ ಗಿಡದ ಗುಣ ಉಳಿಯುವ ಖಾತ್ರಿ ಇಲ್ಲ, ಫಸಲಿಗೂ ಬಹಳ ವರ್ಷ ಕಾಯಬೇಕು.

ಬಳ್ಳಿಯಲ್ಲಿಯೂ ಎಲ್ಲ ತುಂಡುಗಳು ಒಂದೇ ಅಲ್ಲ. ಬುಡದಿಂದ ಹೊರಟು ನೆಲದ ಮೇಲೆ ಹರಿದಾಡುವ ಹಬ್ಬು ಬಳ್ಳಿಯನ್ನು ಎರಡು ಮೂರು ಗಂಟುಗಳ ತುಂಡು ಮಾಡಿ ಫೆಬ್ರವರಿ, ಮಾರ್ಚ್‌ನಲ್ಲಿ ಪಾಲಿಥಿನ್ ತೊಟ್ಟೆಗೆ ನೆಟ್ಟರೆ ಮಳೆಗಾಲದ ಹೊತ್ತಿಗೆ ಸಸಿ ಸಿದ್ಧವಾಗುತ್ತದೆ. ಕೊಡಗು, ಮಲೆನಾಡಿನ ತೋಟಗಳಿಗೆ ಹೋಗುವುದು ಇದೇ ಸಸಿ. ಮರ ಸಿಕ್ಕರೆ ಹತ್ತುತ್ತದೆ, ಮೂರನೇ ವರ್ಷದ ಸುಮಾರಿಗೆ ಫಸಲು ಕೊಡಲು ಆರಂಭಿಸುತ್ತದೆ. ನರ್ಸರಿಗಳಲ್ಲಿ ಬಳಸುವ ಸರ್ಪ ವಿಧಾನದಲ್ಲಿ ಬಳ್ಳಿಯನ್ನು ನೆಲಕ್ಕೆ ಅಡ್ಡಲಾಗಿ ಹರಿಯಬಿಟ್ಟು, ಪ್ರತಿ ಗಂಟಿನ ಕೆಳಗೂ ಮಣ್ಣು ತುಂಬಿದ ಚೀಲ ಇಡುತ್ತಾರೆ. ಒಂದೇ ತಾಯಿ ಬಳ್ಳಿಯಿಂದ ವರ್ಷಕ್ಕೆ ಸುಮಾರು 60 ಸಸಿ ಸಿಗುತ್ತವೆ. ಹಾಗಾಗಿ ಬಳ್ಳಿ ಸಸಿ ಅಗ್ಗವಾಗಿರುವುದೇ ಸಹಜ.

ಕುಂಡಕ್ಕೆ ಬೇಕಾದದ್ದು ಪೊದೆ ಮೆಣಸು, ಅಂದರೆ ಬುಷ್ ಪೆಪ್ಪರ್. ಇದು ಬೇರೆ ತಳಿಯಲ್ಲ, ಅದೇ ಬಳ್ಳಿಯ ಇನ್ನೊಂದು ಅಂಗ. ಮರ ಹತ್ತಿದ ಬಳ್ಳಿಯಿಂದ ಅಡ್ಡಕ್ಕೆ ಚಾಚುವ, ಕಾಳು ಬಿಡುವ ರೆಂಬೆಯನ್ನು ಕತ್ತರಿಸಿ ಬೇರು ಬರಿಸಿದರೆ ಅದು ಮುಂದೆಯೂ ಹತ್ತುವ ಗೋಜಿಗೆ ಹೋಗದೆ ಪೊದೆಯಾಗಿಯೇ ಬೆಳೆಯುತ್ತದೆ. ಮೊದಲ ವರ್ಷವೇ ಕರೆ ಬಿಡುವುದೂ ಉಂಟು (ಕಾಳಿನ ಗೊನೆಗೆ ಮಲೆನಾಡಿನಲ್ಲಿ ಕರೆ ಎನ್ನುತ್ತಾರೆ). ಆದರೆ ಈ ರೆಂಬೆ ಸುಲಭಕ್ಕೆ ಬೇರು ಬಿಡುವುದಿಲ್ಲ. ಒಂದು ವರ್ಷ ಬಲಿತ, ಮೂರರಿಂದ ಐದು ಗಂಟುಗಳ ರೆಂಬೆಯನ್ನು ಆರಿಸಿ, ಎಲೆ ಸವರಿ, ಐಬಿಎಯಂಥ ಬೇರು ಬರಿಸುವ ಹಾರ್ಮೋನ್ ಹಚ್ಚಿ, ತೇವಾಂಶ ಆರದಂತೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ವಾರಗಟ್ಟಲೆ ಇಡಬೇಕು. ಅಷ್ಟು ಮಾಡಿದರೂ ಅರ್ಧಕ್ಕೂ ಹೆಚ್ಚು ಕೊಳೆತುಹೋಗುವುದು ಮನೆಯಲ್ಲಿ ಪ್ರಯತ್ನಿಸಿದವರಿಗೆ ಹೊಸದೇನಲ್ಲ.

ಬದುಕದ ಕಡ್ಡಿಗಳ ಖರ್ಚು

ನ್ಯಾಯವಾದ ದರದ ಗುಟ್ಟು ಇಲ್ಲಿದೆ. ಕೈಗೆ ಬರುವ ಒಂದು ಪೊದೆ ಸಸಿಯ ಬೆಲೆಯಲ್ಲಿ, ಸತ್ತುಹೋದ ಕಡ್ಡಿಗಳ ಖರ್ಚೂ ಸೇರಿರುತ್ತದೆ. ಒಂದು ಉದಾಹರಣೆ ನೋಡಿ. ಹವ್ಯಾಸಿ ಬೆಳೆಗಾರರೊಬ್ಬರು 20 ರೆಂಬೆ ನೆಡುತ್ತಾರೆ ಎಂದುಕೊಳ್ಳೋಣ. ತೊಟ್ಟೆ, ಮಣ್ಣು, ಗೊಬ್ಬರ, ಹಾರ್ಮೋನ್ ಎಲ್ಲ ಸೇರಿ 480 ರೂಪಾಯಿ. ಬದುಕಿದ್ದು 8. ಅಲ್ಲಿಗೇ ಒಂದಕ್ಕೆ 60 ರೂಪಾಯಿ ಬಿತ್ತು. ಆರು ತಿಂಗಳು ಸಾಕಿ, ದೊಡ್ಡ ಚೀಲಕ್ಕೆ ಬದಲಿಸಲು ತಲಾ 20. ಒಟ್ಟು ನಾಲ್ಕು ಗಂಟೆಯ ದುಡಿಮೆಗೆ ಗಂಟೆಗೆ 100ರಂತೆ ಹಿಡಿದರೆ ತಲಾ 50. ಅಂದರೆ 130 ರೂಪಾಯಿಗೆ ಕೊಟ್ಟರೂ ಮಾರಿದವರಿಗೆ ಉಳಿಯುವುದು ತಮ್ಮ ಕೂಲಿ ಮಾತ್ರ.

ಅದೇ 20ರಲ್ಲಿ 14 ಬದುಕಿದರೆ ಇದೇ ಲೆಕ್ಕ 83 ರೂಪಾಯಿಗೆ ಇಳಿಯುತ್ತದೆ. ಪಳಗಿದ ಕೈಯವರು ಅಗ್ಗಕ್ಕೆ ಕೊಡಬಲ್ಲರು. ಹಬ್ಬು ಬಳ್ಳಿಯ ತುಂಡಾದರೆ 20ರಲ್ಲಿ 17 ಬದುಕಿ, 200 ರೂಪಾಯಿ ಸಾಮಗ್ರಿ, ಎರಡು ಗಂಟೆ ಕೆಲಸ ಎಂದಿಟ್ಟರೂ ಒಂದಕ್ಕೆ 25 ರೂಪಾಯಿ ದಾಟುವುದಿಲ್ಲ. ಸಾವಿರಗಟ್ಟಲೆ ಮಾಡುವ ನರ್ಸರಿಗೆ ಇನ್ನೂ ಕಡಿಮೆ ಬೀಳುತ್ತದೆ.

ಈ ಲೆಕ್ಕದಲ್ಲಿ ಹಿಡಿಯದ ಒಂದು ಬಾಬತ್ತಿದೆ. ತಾಯಿ ಗಿಡದಿಂದ ಕತ್ತರಿಸಿದ ಒಂದೊಂದು ಅಡ್ಡ ರೆಂಬೆಯೂ ಆ ವರ್ಷ ಕಾಳು ಬಿಡಬೇಕಿದ್ದ ಜಾಗ. ಊರಿನಲ್ಲಿ ಹತ್ತು ಬಳ್ಳಿ ಇರುವವರಿಗೆ ಅದು ಏನೂ ಅಲ್ಲ. ಬಾಲ್ಕನಿಯಲ್ಲಿ ಒಂದೇ ಕುಂಡ ಇಟ್ಟುಕೊಂಡವರಿಗೆ ನಾಲ್ಕು ರೆಂಬೆ ಎಂದರೆ ಅರ್ಧ ಗಿಡ. 'ಒಂದು ಕಡ್ಡಿ ತಾನೆ, ಸುಮ್ಮನೆ ಕೊಡಿ' ಎಂದು ಕೇಳುವ ಮುನ್ನ ಇದನ್ನು ಯೋಚಿಸುವುದು ಒಳ್ಳೆಯದು.

ನೋಡಿ ಗುರುತಿಸುವುದು ಹೇಗೆ?

ಹಬ್ಬು ಬಳ್ಳಿಯ ಸಸಿಯನ್ನು ಪೊದೆ ಮೆಣಸು ಎಂದು ಮಾರುವುದೇ ಹೆಚ್ಚು ನಡೆಯುವ ಮೋಸ. ಅದು ಬೆಳೆದಂತೆಲ್ಲ ಕಿಟಕಿಯ ಸರಳು ಹಿಡಿದು ಹತ್ತುತ್ತದೆ, ಕಾಳಿನ ಸುಳಿವಿಲ್ಲ. ಗೊಬ್ಬರ ಸಾಲದೇನೋ ಎಂದು ಕೊಂಡವರು ತಮ್ಮನ್ನೇ ದೂರಿಕೊಳ್ಳುತ್ತಾರೆ.

ಗಂಟುಗಳನ್ನು ನೋಡಬೇಕು. ಹತ್ತುವ ಬಳ್ಳಿಯ ಪ್ರತಿ ಗಂಟಿನಲ್ಲೂ ಕುಚ್ಚಿನಂಥ ಚಿಕ್ಕ ಬೇರುಗಳಿರುತ್ತವೆ, ಮರ ಅಪ್ಪಿಕೊಳ್ಳಲು ಇರುವಂಥವು. ಕಾಳು ಬಿಡುವ ರೆಂಬೆಯ ಗಂಟಿನಲ್ಲಿ ಅವು ಇರುವುದಿಲ್ಲ. ಬಳ್ಳಿಯ ಎಲೆ ಹೃದಯದಾಕಾರ, ಎರಡೂ ಬದಿ ಸಮ. ರೆಂಬೆಯ ಎಲೆಯ ಬುಡ ಒಂದು ಬದಿಗೆ ಓರೆ. ರೆಂಬೆ ನೇರ ಹೋಗದೆ ಗಂಟಿನಿಂದ ಗಂಟಿಗೆ ಅಂಕುಡೊಂಕಾಗಿ ಸಾಗುತ್ತದೆ, ಎಲೆಯ ಎದುರಿಗೆ ಕರೆ ಮೂಡುತ್ತದೆ. ಫೋಟೊದಲ್ಲಿ ಕರೆ ಕಂಡ ಮಾತ್ರಕ್ಕೆ ನಂಬುವಂತಿಲ್ಲ. ಅದು ತಾಯಿ ಗಿಡದ ಫೋಟೊ ಆಗಿರಬಹುದು. ಮಾರುವ ಸಸಿಯನ್ನೇ ಚೀಲದ ಸಮೇತ, ಗಂಟು ಕಾಣುವಂತೆ ತೆಗೆದ ವಿಡಿಯೊ ಕೇಳುವುದರಲ್ಲಿ ಸಂಕೋಚ ಬೇಡ. ಅಂದಹಾಗೆ, ನಿಜವಾದ ಪೊದೆ ಮೆಣಸೂ ಒಮ್ಮೊಮ್ಮೆ ಬುಡದಿಂದ ಹತ್ತುವ ಚಿಗುರು ಬಿಡುತ್ತದೆ. ಅದನ್ನು ಚಿವುಟಿದರೆ ಸಾಕು, ಮಾರಿದವರ ಜೊತೆ ಜಗಳ ಬೇಕಿಲ್ಲ.

ಕಸಿ ಗಿಡದ ದರ ಇನ್ನೂ ಹೆಚ್ಚು. ದಕ್ಷಿಣ ಅಮೆರಿಕ ಮೂಲದ ಕೊಲುಬ್ರಿನಮ್ ಎಂಬ ಕಾಡು ಮೆಣಸಿನ ಬೇರುಗಿಡಕ್ಕೆ ನಮ್ಮ ಮೆಣಸಿನ ರೆಂಬೆಯನ್ನು ಕಸಿ ಕಟ್ಟುತ್ತಾರೆ. ಬುಡ ಕೊಳೆಯುವ ರೋಗವನ್ನೂ ನಿಂತ ನೀರನ್ನೂ ಇದು ತಡೆದುಕೊಳ್ಳುತ್ತದೆ. ಆದರೆ ಒಣಗಲು ಬಿಟ್ಟರೆ ಸಹಿಸುವುದಿಲ್ಲ. ವಾರಗಟ್ಟಲೆ ಊರಿಗೆ ಹೋಗಿ ಕುಂಡಕ್ಕೆ ನೀರು ತಪ್ಪಿಸುವವರು ಇದಕ್ಕೆ ಹೆಚ್ಚು ದುಡ್ಡು ಸುರಿಯುವುದು ವ್ಯರ್ಥ. ಕಸಿಯ ಕೆಳಗಿನಿಂದ ಬರುವ ಚಿಗುರನ್ನು ಆಗಾಗ ತೆಗೆಯದಿದ್ದರೆ ಕಾಡು ಗಿಡವೇ ಕುಂಡವನ್ನು ಆಳುತ್ತದೆ.

ಹೆಸರಿಗೆ ಎಷ್ಟು ಕೊಡಬೇಕು?

ಪಣಿಯೂರು-1 ಎಂದೊಡನೆ ದರ ಏರುತ್ತದೆ. ಕೇರಳದ ಕಣ್ಣೂರು ಜಿಲ್ಲೆಯ ಪಣಿಯೂರು ಸಂಶೋಧನಾ ಕೇಂದ್ರದ ಈ ಸಂಕರಣ ತಳಿಯ ಕರೆ ಉದ್ದ, ಕಾಳು ದಪ್ಪ. ಆದರೆ ದಟ್ಟ ನೆರಳಿನಲ್ಲಿ ಇದು ಸೊರಗುತ್ತದೆ. ಬಿಸಿಲು ಕಾಣದ ಬಾಲ್ಕನಿಯಲ್ಲಿ ನೆರಳು ತಡೆಯುವ ಕರಿಮುಂಡವೇ ವಾಸಿ. ಕೋಝಿಕ್ಕೋಡ್‌ನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಕ್ತಿ, ತೇವಂ ತಳಿಗಳು ಬುಡ ಕೊಳೆಯುವ ರೋಗವನ್ನು ಒಂದು ಮಟ್ಟಿಗೆ ತಾಳಿಕೊಳ್ಳುತ್ತವೆ. ಮಲೆನಾಡಿನ ಹಳೆಯ ತಳಿಗಳ ಹೆಸರುಗಳಲ್ಲೇ ಗುಣ ಅಡಗಿದೆ: ಉದ್ದಗರೆ ಎಂದರೆ ಉದ್ದ ಕರೆ, ಮೋಟಗರೆ ಎಂದರೆ ಗಿಡ್ಡ ಕರೆ.

ತೊಂದರೆ ಎಂದರೆ, ಎಳೆ ಸಸಿಯ ಎಲೆ ನೋಡಿ ತಳಿಯನ್ನು ಖಚಿತವಾಗಿ ಹೇಳುವುದು ಅನುಭವಿಗಳಿಗೂ ಕಷ್ಟ. ತಾಯಿ ಗಿಡ ಎಲ್ಲಿಂದ ಬಂತು ಎಂದು ಹೇಳಬಲ್ಲವರ ಬಳಿ ಹೆಸರಿಗಾಗಿ ಸ್ವಲ್ಪ ಹೆಚ್ಚು ಕೊಡಬಹುದು. 'ಯಾವ ತಳಿಯೋ ಗೊತ್ತಿಲ್ಲ, ನಮ್ಮ ಅತ್ತೆಯ ಮನೆಯ ತೋಟದ್ದು, ಚೆನ್ನಾಗಿ ಬಿಡುತ್ತದೆ' ಎನ್ನುವವರದು, ಹೆಸರಿನ ಚೀಟಿ ಅಂಟಿಸಿ ಮೂಲ ಹೇಳದವರದಕ್ಕಿಂತ ನಂಬಿಕಸ್ಥ ವ್ಯಾಪಾರ.

ದರ ಹೋಲಿಸಲು ಒಂದು ಆಧಾರ ಬೇಕೆಂದರೆ, ಈ ಸಂಸ್ಥೆ ಹಾಗೂ ತೋಟಗಾರಿಕೆ ಇಲಾಖೆಯ ನರ್ಸರಿಗಳು ಸಸಿ ಮಾರುವ ದರವನ್ನು ವಿಚಾರಿಸಬಹುದು. ಮಡಿಕೇರಿ ಬಳಿಯ ಅಪ್ಪಂಗಳದಲ್ಲಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಊರಿಗೆ ಹೋದಾಗ ಸ್ವತಃ ತರುವವರಿಗೆ ಅದೇ ದರ. ನಗರದಲ್ಲಿ ಮನೆ ಬಾಗಿಲಿಗೆ ಸಿಗುವ ಸಸಿಗೆ ಸಾಗಣೆ ಮತ್ತು ಸಾಕಿದ ತಿಂಗಳುಗಳ ಲೆಕ್ಕ ಸೇರಿಸಿದರೆ ಒಪ್ಪಬಹುದಾದ ಮೊತ್ತ ಹೊಳೆಯುತ್ತದೆ.

ಮಣ್ಣು, ಊರು, ಕೊರಿಯರ್

ಬುಡ ಕೊಳೆಯುವ ರೋಗದ ಶಿಲೀಂಧ್ರವೂ ಬೇರಿಗೆ ಗಂಟು ಕಟ್ಟಿಸುವ ಜಂತುಹುಳುವೂ ಚೀಲದ ಮಣ್ಣಿನಲ್ಲೇ ಪ್ರಯಾಣ ಮಾಡುತ್ತವೆ. ಹಳದಿಗಟ್ಟಿದ ಎಲೆ, ಕಪ್ಪಾದ ಬುಡ ಕಂಡರೆ ಪುಕ್ಕಟೆ ಕೊಟ್ಟರೂ ಬೇಡ. ಹೊಸ ಸಸಿಯನ್ನು ಎರಡು ಮೂರು ವಾರ ಉಳಿದ ಕುಂಡಗಳಿಂದ ದೂರ ಇಡುವುದು ಕ್ಷೇಮ.

ಹೈದರಾಬಾದಿನ ಬೇಸಿಗೆ, ದೆಹಲಿಯ ಚಳಿ ಎರಡೂ ಈ ಗಿಡಕ್ಕೆ ಆಗದು. ಅದೇ ನಗರದಲ್ಲಿ ಒಂದು ವರ್ಷ ಕಳೆದ ಸಸಿಗೆ, ನಿನ್ನೆ ಮಲೆನಾಡಿನಿಂದ ಬಸ್ಸಿನಲ್ಲಿ ಬಂದ ಸಸಿಗಿಂತ ದುಪ್ಪಟ್ಟು ಕೊಟ್ಟರೂ ನಷ್ಟವಿಲ್ಲ.

ಕೊರಿಯರ್‌ನಲ್ಲಿ ತರಿಸುವಾಗ ಸಸಿಯ ದರ, ಪ್ಯಾಕಿಂಗ್, ಸಾಗಣೆ ಮೂರನ್ನೂ ಬೇರೆ ಬೇರೆಯಾಗಿ ಹೇಳಿಸಿಕೊಳ್ಳಬೇಕು. 'ಸಸಿ 99 ಮಾತ್ರ' ಎಂದು ಹೇಳಿ ಕೊನೆಗೆ 250 ಸಾಗಣೆ ಸೇರಿಸುವುದು ಅಪರೂಪವಲ್ಲ. ಸತ್ತು ಬಂದರೆ ಯಾರ ಹೊಣೆ ಎಂಬುದು ದುಡ್ಡು ಕಳಿಸುವ ಮೊದಲೇ ತೀರ್ಮಾನವಾಗಲಿ. ಪೊಟ್ಟಣ ಬಿಚ್ಚಿದ ದಿನವೇ ಫೋಟೊ ಕಳಿಸಿದರೆ ಮಾರಿದವರು ಅರ್ಧ ಹಣ ಮರಳಿಸುವುದು ಅಥವಾ ಇನ್ನೊಂದು ಸಸಿ ಕೊಟ್ಟು ಸಾಗಣೆಯನ್ನು ಕೊಂಡವರೇ ಭರಿಸುವುದು ಇಬ್ಬರಿಗೂ ಒಪ್ಪುವ ದಾರಿ. ಹದಿನೈದು ದಿನ ಸಾಕಿ, ನೀರು ಹೆಚ್ಚು ಹಾಕಿ ಕೊಳೆಸಿದ ಮೇಲೆ ದೂರುವುದು ಮಾತ್ರ ಸರಿಯಲ್ಲ.

ದುಡ್ಡಿನ ಮಾತೇ ಬೇಡ, ವಿನಿಮಯ ಸಾಕು ಎನ್ನುವವರೂ ಬಹಳ ಮಂದಿ. ಅಲ್ಲಿಯೂ ತೂಕ ಒಂದೇ ಇರಲಿ. ಬೇರೂರಿದ ಒಂದು ಪೊದೆ ಮೆಣಸಿಗೆ ನಾಲ್ಕೈದು ಬಳ್ಳಿ ಸಸಿ ಸಮ. ದೊಡ್ಡಪತ್ರೆಯ ಕಡ್ಡಿ ಕೊಟ್ಟು ಪೊದೆ ಮೆಣಸು ಕೇಳಬಾರದು. ಬೇರು ಬಾರದ ಹಸಿ ರೆಂಬೆಯನ್ನು ಕೊಟ್ಟವರಿಗೆ, ಅದರಿಂದ ಬದುಕಿದ ಸಸಿಗಳಲ್ಲಿ ಒಂದನ್ನು ಮರಳಿ ತಲುಪಿಸಿದರೆ ಮುಂದಿನ ಮಳೆಗಾಲದಲ್ಲೂ ಅವರ ಗಿಡದ ರೆಂಬೆ ಸಿಗುತ್ತದೆ.