ಐದು ಮತದ ಅಂತರ

ಮೊನ್ನೆ ಎಂಆರ್‌ಐ ಕೊಳವೆಯೊಳಗೆ ಅರ್ಧ ಗಂಟೆ ಅಲ್ಲಾಡದೆ ಮಲಗಿದ್ದೆ. ಇಷ್ಟು ಹೊತ್ತು ಯಾಕಪ್ಪಾ ಅನ್ನಿಸಿತು. ಒಂದು ಕಾರಣ ಆಮೇಲೆ ಓದಿ ತಿಳಿಯಿತು. 1.5 ಟೆಸ್ಲಾ ಆಯಸ್ಕಾಂತದಲ್ಲೂ ಮೈಯ ಪ್ರೋಟಾನ್‌ಗಳು ಹೆಚ್ಚುಕಮ್ಮಿ ಸಮಸಮವಾಗಿ ಎರಡು ಬಣವಾಗಿ, ಒಂದನ್ನೊಂದು ಅಳಿಸಿಹಾಕುತ್ತವೆ. 10 ಲಕ್ಷಕ್ಕೆ ಗೆಲುವಿನ ಅಂತರ ಬರೀ 5! ಯಂತ್ರಕ್ಕೆ ಕೇಳಿಸುವುದು ಆ ಐದರ ದನಿ ಮಾತ್ರ.

1953ರಲ್ಲಿ ಇಲಿನಾಯ್‌ನಲ್ಲಿದ್ದ 27ರ ತರುಣ ಆಲ್ಬರ್ಟ್ ಓವರ್‌ಹೌಸರ್ ಒಂದು ಉಪಾಯ ಹೇಳಿದ: ಲೋಹದ ಎಲೆಕ್ಟ್ರಾನ್‌ಗಳನ್ನು ರೇಡಿಯೋ ತರಂಗದಿಂದ ಕೆಣಕಿದರೆ ಅವುಗಳ ಬಲ ನ್ಯೂಕ್ಲಿಯಸ್‌ಗೆ ದಾಟುತ್ತದೆ. ಒಂದನ್ನು ಬಿಸಿ ಮಾಡಿದರೆ ಇನ್ನೊಂದು ತಣ್ಣಗಾಗುತ್ತೆ ಅಂದ ಹಾಗಾಯ್ತು! ರಾಬಿ, ಬ್ಲಾಕ್‌ರಂಥ ನೊಬೆಲ್ ದಿಗ್ಗಜರೇ ನಂಬಲಿಲ್ಲ. ಅದೇ ವರ್ಷ ಅಲ್ಲೇ ಕಾರ್ವರ್, ಸ್ಲಿಕ್ಟರ್ ಲಿಥಿಯಂನಲ್ಲಿ ಮಾಡಿ ತೋರಿಸಿದರು. ಗದ್ದಲದಲ್ಲಿ ಹೂತಿದ್ದ ಸಂಕೇತ ಎದ್ದು ನಿಂತಿತು.

2003ರಲ್ಲಿ ಅದೇ ಬೇರು ಚಿಗುರಿತು. ಅತಿಶೀತದಲ್ಲಿ ಬಲ ತುಂಬಿ, ಥಟ್ಟನೆ ಬಿಸಿ ದ್ರವದಲ್ಲಿ ಕರಗಿಸಿದಾಗ ಸಂಕೇತ 10,000 ಪಟ್ಟಿಗೂ ಮಿಕ್ಕಿತು. 2013ರಲ್ಲಿ ಹೀಗೆ ಬಲ ಪಡೆದ ಪೈರುವೇಟ್‌ನಿಂದ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಗಡ್ಡೆಯ ಚಯಾಪಚಯವನ್ನೇ ನೋಡಿದ ವರದಿ ಬಂತು. ಆ ಬಲ ಒಂದೆರಡು ನಿಮಿಷದಲ್ಲಿ ಇಳಿದುಹೋಗುತ್ತೆ ಅನ್ನೋದು ಬೇರೆ ಮಾತು. ಆದರೂ ಅಂದು ದೊಡ್ಡವರು ತಲೆ ಅಲ್ಲಾಡಿಸಿದರಲ್ಲಾ ಅಂತ ಆ ತರುಣ ಸುಮ್ಮನಾಗಿದ್ದರೆ?