ಅಪಠಿತ ಗದ್ಯದ ಚೀನೀ ಚರಿತ್ರೆ

ಚೀನಾದ ಹಿರಿಯ ಪ್ರೌಢಶಾಲೆಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ಜೂನ್ ತಿಂಗಳಲ್ಲಿ ಬರೆಯುವ ಕಾಲೇಜು ಪ್ರವೇಶ ಪರೀಕ್ಷೆಗೆ ಗಾವ್‌ಕಾವ್ ಎಂದು ಹೆಸರು. ಬಹುತೇಕ ಪ್ರಾಂತಗಳಲ್ಲಿ ಅದರ ಒಟ್ಟು 750 ಅಂಕಗಳಲ್ಲಿ ಇಂಗ್ಲಿಷಿಗೆ 150 ಅಂಕಗಳಿದ್ದು, ಈಚೆಗೆ ಹಲವು ಪ್ರಾಂತಗಳಲ್ಲಿ ಜಾರಿಗೆ ಬಂದಿರುವ ಹೊಸ ಪ್ರಶ್ನೆಪತ್ರಿಕೆಯಲ್ಲಿ ಆ 150ರ ಪೈಕಿ 50 ಅಂಕಗಳು ಹಿಂದೆಂದೂ ಓದಿರದ ಗದ್ಯಭಾಗಗಳನ್ನು ಓದಿ ಉತ್ತರಿಸುವುದಕ್ಕೆ ಮೀಸಲಾಗಿವೆ. ಅಪಠಿತ ಗದ್ಯ ಎಂದು ನಮ್ಮ ಶಾಲೆಗಳಲ್ಲಿ ಕರೆಯುವ ಈ ಪ್ರಶ್ನೆ ಚೀನಾದಲ್ಲಿ ಇಷ್ಟು ದೊಡ್ಡ ಸ್ಥಾನ ಪಡೆದದ್ದು ಬೋಧನಶಾಸ್ತ್ರದ ಚಿಂತನೆಯಿಂದ ಎನ್ನುವುದಕ್ಕಿಂತ ಒಪ್ಪಂದಪತ್ರಗಳು, ಮುದ್ರಣಾಲಯಗಳು ಮತ್ತು ಮೌಲ್ಯಮಾಪನದ ಅನುಕೂಲಗಳಿಂದ ಎಂದು ಹೇಳುವುದೇ ಹೆಚ್ಚು ಸರಿಯಾದೀತು.

1858ರ ತಿಯಾನ್‌ಜಿನ್ ಒಪ್ಪಂದದಲ್ಲಿ ಬ್ರಿಟನ್ ಹೇರಿದ ಷರತ್ತುಗಳ ಪೈಕಿ, ಮುಂದೆ ಉಭಯ ಸರ್ಕಾರಗಳ ನಡುವೆ ಪಠ್ಯದ ಅರ್ಥದ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ಇಂಗ್ಲಿಷ್ ಪಠ್ಯವೇ ಪ್ರಮಾಣ ಎಂಬುದೂ ಒಂದಾಗಿತ್ತು. ಎದುರಾಳಿಯ ಭಾಷೆಯನ್ನು ತಪ್ಪಿಲ್ಲದೆ ಓದಬಲ್ಲವರು ಆಸ್ಥಾನದಲ್ಲಿ ಇರಲೇಬೇಕಾದ ಸ್ಥಿತಿ ಹೀಗೆ ಒದಗಿದ್ದರಿಂದ, ಛಿಂಗ್ ಸಾಮ್ರಾಜ್ಯವು 1862ರಲ್ಲಿ ಬೀಜಿಂಗ್‌ನಲ್ಲಿ ತೊಂಗ್‌ವೆನ್‌ ಗುವಾನ್ ಎಂಬ ಭಾಷಾಶಾಲೆಯನ್ನು ತೆರೆದು, ಮೊದಲಿಗೆ ಮಂಚು ಸೇನಾ ಕುಲಗಳ ಬೆರಳೆಣಿಕೆಯ ಹುಡುಗರನ್ನು ಸೇರಿಸಿಕೊಂಡಿತು. ಅಲ್ಲಿ ಓದು ಎಂದರೆ ಅನುವಾದವೇ ಆಗಿತ್ತು. ರಾಜತಾಂತ್ರಿಕ ಪತ್ರವೊಂದನ್ನು ಚೀನೀ ಭಾಷೆಗೆ ತಿರುಗಿಸಿ ಬರೆದವನು ಅದನ್ನು ಅರಿತವನೆಂದೇ ಎಣಿಕೆಯಾಗುತ್ತಿದ್ದನು. ಆಗಿನ್ನೂ ಅಧಿಕಾರಕ್ಕೆ ಹೆದ್ದಾರಿಯಾಗಿದ್ದ ಕೆಜು ಎಂಬ ರಾಜಸೇವಾ ಪರೀಕ್ಷೆಗೆ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಗಟ್ಟಿಯಾಗಿ ಪಠಿಸಿ ಬಾಯಿಪಾಠ ಮಾಡಿದ ಮೇಲೆಯೇ ಅರ್ಥದ ಕಡೆಗೆ ಹೋಗುವ ಕ್ರಮವಿತ್ತಾದ್ದರಿಂದ, ವಿದೇಶಿ ಭಾಷೆಗೂ ಅದೇ ಅಭ್ಯಾಸ ಅಂಟಿಕೊಂಡಿತು. ಕೆಜು 1905ರಲ್ಲಿ ರದ್ದಾದರೂ ಬೆಳಗಿನ ಹೊತ್ತು ಇಡೀ ತರಗತಿ ಒಟ್ಟಾಗಿ ಪಾಠವನ್ನು ಗಟ್ಟಿಯಾಗಿ ಓದುವ ರೂಢಿ ಚೀನೀ ಶಾಲೆಗಳಿಂದ ಇಂದಿಗೂ ಹೋಗಿಲ್ಲ.

ಇಂಗ್ಲಿಷ್ ಓದು ಆಸ್ಥಾನದ ಅಂಗಳ ದಾಟಿ ಅಂಗಡಿಗೆ ಬಂದದ್ದು ಶಾಂಘೈಯಲ್ಲಿ. ಮಿಷನರಿ ಮುದ್ರಣಾಲಯದಲ್ಲಿ ಕೆಲಸ ಕಲಿತಿದ್ದ ಷಿಯಾ ರುಯ್‌ಫಾಂಗ್ ಮತ್ತು ಅವನ ಸಂಗಡಿಗರು 1897ರಲ್ಲಿ ಸ್ಥಾಪಿಸಿದ ಕಮರ್ಷಿಯಲ್ ಪ್ರೆಸ್, ಮರುವರ್ಷವೇ ಒಂದು ಇಂಗ್ಲಿಷ್ ಬಾಲಬೋಧೆಯನ್ನು ಪ್ರಕಟಿಸಿತು. ಷಿಯೆ ಹೊಂಗ್‌ಲಾಯ್ ಎಂಬ ವಿದ್ವಾಂಸನು ಚೀನೀ ಅರ್ಥ, ಟಿಪ್ಪಣಿಗಳನ್ನು ಸೇರಿಸಿದ್ದ ಆ ಪುಸ್ತಕದ ಮೂಲ, ಬ್ರಿಟಿಷರು ಭಾರತದ ಮಕ್ಕಳಿಗೆಂದು ಸಿದ್ಧಪಡಿಸಿದ್ದ ಪಠ್ಯವಾಗಿತ್ತು. ವಸಾಹತಿನ ಶಾಲೆಗಾಗಿ ಅಳೆದು ಹೊಲಿದ ಪಾಠಗಳು ವಸಾಹತಾಗದ ದೇಶವೊಂದರ ವ್ಯಾಪಾರಿ ನಗರದಲ್ಲಿ ಬಿಸಿಬಿಸಿಯಾಗಿ ಖರ್ಚಾದದ್ದು ವಿಚಿತ್ರವೇ. ಆದರೆ ಬಂದರಿನ ಕಚೇರಿಗಳಲ್ಲಿ ಗುಮಾಸ್ತಿಕೆ ಹುಡುಕುತ್ತಿದ್ದ ಶಾಂಘೈ ತರುಣನ ಅಗತ್ಯವೂ ಮದರಾಸು, ಕಲ್ಕತ್ತೆಗಳ ತರುಣನ ಅಗತ್ಯವೂ ಬಹುಮಟ್ಟಿಗೆ ಒಂದೇ ಆಗಿದ್ದುವು. ಸಾಲಿಗೆ ಸಾಲು ಅರ್ಥ ಕೊಡುವ ಆ ಪುಸ್ತಕದ ವಿನ್ಯಾಸದಿಂದಾಗಿ ಓದುಗನು ಇಂಗ್ಲಿಷಿನೊಳಗೇ ನಿಂತು ಅರ್ಥ ಊಹಿಸುವ ಪ್ರಸಂಗವೇ ಬರುತ್ತಿರಲಿಲ್ಲ. 1928ರಿಂದ ಕೈಮಿಂಗ್ ಪುಸ್ತಕಾಲಯ ಹೊರತಂದ ಲಿನ್ ಯೂತಾಂಗ್‌ರ ಪಠ್ಯಮಾಲೆ ಇದನ್ನು ಕೊಂಚ ಬದಲಿಸಿತು: ಫೆಂಗ್ ಜೀಕಾಯ್‌ರ ರೇಖಾಚಿತ್ರಗಳೊಂದಿಗೆ ಕಥೆ, ಸಂಭಾಷಣೆಗಳನ್ನು ಕೊಟ್ಟ ಈ ಪುಸ್ತಕಗಳ ಮಾರಾಟ ಎಷ್ಟು ಲಾಭದಾಯಕವಾಗಿತ್ತೆಂದರೆ, ಅನುಕರಣೆಯ ಆರೋಪದ ಮೇಲೆ ಪ್ರತಿಸ್ಪರ್ಧಿ ಪ್ರಕಾಶಕರೊಂದಿಗಿನ ಜಗಳ ಪತ್ರಿಕೆಗಳವರೆಗೂ ನ್ಯಾಯಾಲಯದವರೆಗೂ ಹೋಯಿತು.

1949ರ ಕ್ರಾಂತಿಯ ನಂತರ ರಷ್ಯನ್ ಮುನ್ನೆಲೆಗೆ ಬಂದು, 1954ರಲ್ಲಿ ಕಿರಿಯ ಪ್ರೌಢಶಾಲೆಗಳಿಂದ ವಿದೇಶಿ ಭಾಷೆಯನ್ನೇ ತೆಗೆಯಲಾಯಿತು. ಸೋವಿಯತ್ ಒಕ್ಕೂಟದೊಂದಿಗೆ ಸಂಬಂಧ ಕೆಟ್ಟ ಮೇಲೆ, 1964ರ ಯೋಜನೆಯೊಂದು ಇಂಗ್ಲಿಷನ್ನು ಮೊದಲ ವಿದೇಶಿ ಭಾಷೆಯೆಂದು ಘೋಷಿಸಿತಾದರೂ ಎರಡೇ ವರ್ಷಗಳಲ್ಲಿ ಸಾಂಸ್ಕೃತಿಕ ಕ್ರಾಂತಿ ಪ್ರವೇಶ ಪರೀಕ್ಷೆಯನ್ನೇ ನುಂಗಿತು. ಈ ಏರಿಳಿತಗಳ ನಡುವೆಯೂ ಉಳಿದು ಬಂದದ್ದು ಜಿಂಗ್‌ದು, ಅಂದರೆ ಸೂಕ್ಷ್ಮ ಪಠನ. ಒಂದೇ ಚಿಕ್ಕ ಪಾಠವನ್ನು ಹಲವು ದಿನ ಹಿಡಿದು, ಪದ ಪದವನ್ನೂ ವ್ಯಾಕರಣದ ಒಂದೊಂದು ಅಂಶವನ್ನೂ ಬಿಡಿಸಿ ನೋಡುವ ಈ ಕ್ರಮಕ್ಕೆ 1960ರ ದಶಕದಲ್ಲಿ ಷು ಗುವೊಜಾಂಗ್ ಸಂಪಾದಿಸಿದ ಕಾಲೇಜು ಪಠ್ಯಗಳು ಮಾದರಿಯಾದವು.

1977ರ ಚಳಿಗಾಲದಲ್ಲಿ ಗಾವ್‌ಕಾವ್ ಮರಳಿ ಆರಂಭವಾದಾಗ ಸುಮಾರು 57 ಲಕ್ಷ ಮಂದಿ ಪರೀಕ್ಷೆಗೆ ಕುಳಿತು, ಸುಮಾರು 2,73,000 ಮಂದಿಗೆ ಮಾತ್ರ ಪ್ರವೇಶ ದೊರೆಯಿತು. ಇಂಗ್ಲಿಷ್ ಓದಿಲ್ಲದ ಒಂದು ತಲೆಮಾರೇ ಎದುರಿಗಿದ್ದುದರಿಂದ, ಆ ವಿಷಯದ ಅಂಕಗಳನ್ನು ಒಟ್ಟು ಮೊತ್ತಕ್ಕೆ ಒಮ್ಮೆಗೇ ಸೇರಿಸದೆ ವರ್ಷದಿಂದ ವರ್ಷಕ್ಕೆ ಪ್ರಮಾಣ ಹೆಚ್ಚಿಸುತ್ತ ಹೋಗಿ, 1983ರಲ್ಲಿ ಪೂರ್ಣವಾಗಿ ಸೇರಿಸಲಾಯಿತು. ಇಷ್ಟು ವಿವೇಕದಿಂದ ಇಟ್ಟ ಹೆಜ್ಜೆ ಆ ಕಾಲದ ಶಿಕ್ಷಣ ನೀತಿಯಲ್ಲಿ ಬೇರೆಡೆ ಕಾಣುವುದು ಅಪರೂಪ.

ನಿರ್ಣಾಯಕ ತಿರುವು ದಕ್ಷಿಣದಿಂದ ಬಂತು. ಅಮೆರಿಕದ ಟೋಫೆಲ್ ಪರೀಕ್ಷೆ 1981ರಲ್ಲಿ ಚೀನಾಕ್ಕೆ ಕಾಲಿಟ್ಟು, ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸುವ ಪ್ರಶ್ನೆಯನ್ನೂ ಯಂತ್ರದಿಂದ ಅಂಕ ಎಣಿಸುವ ವಿಧಾನವನ್ನೂ ಪರಿಚಯಿಸಿತ್ತು. ಗುವಾಂಗ್‌ಝೌ ವಿದೇಶಿ ಭಾಷಾ ಸಂಸ್ಥೆಯ ಗುಯ್ ಷಿಚುನ್ ಮತ್ತು ಸಹೋದ್ಯೋಗಿಗಳು ಇದೇ ತತ್ತ್ವವನ್ನು ಗಾವ್‌ಕಾವ್‌ಗೆ ಅಳವಡಿಸಿ, ಪ್ರಮಾಣೀಕೃತ ಇಂಗ್ಲಿಷ್ ಪರೀಕ್ಷೆಯನ್ನು 1985ರಲ್ಲಿ ಗುವಾಂಗ್‌ಡೊಂಗ್ ಪ್ರಾಂತದಲ್ಲಿ ಪ್ರಯೋಗಕ್ಕೆ ತಂದರು. ಅನುವಾದವನ್ನೂ ವ್ಯಾಕರಣ ನಿಯಮಗಳನ್ನೂ ಕೇಳುತ್ತಿದ್ದ ಹಳೆಯ ಪತ್ರಿಕೆಯಲ್ಲಿ ಒಬ್ಬೊಬ್ಬ ಮೌಲ್ಯಮಾಪಕ ಒಂದೊಂದು ಅಂಕ ಕೊಡುವ ಸಾಧ್ಯತೆ ಇತ್ತು; ಲಕ್ಷಾಂತರ ಉತ್ತರಪತ್ರಿಕೆಗಳನ್ನು ಕೆಲವೇ ವಾರಗಳಲ್ಲಿ ಪಕ್ಷಪಾತದ ಅನುಮಾನಕ್ಕೆ ಎಡೆಯಿಲ್ಲದಂತೆ ತೂಗಬೇಕಾದ ಸರ್ಕಾರಕ್ಕೆ ಗದ್ಯಭಾಗ ಮತ್ತು ನಾಲ್ಕು ಆಯ್ಕೆಗಳ ಜೋಡಿ ವರದಂತೆ ಒದಗಿತು. ನೂರು ವರ್ಷ ಬಾಯಿಯಲ್ಲಿದ್ದ ಓದು ಹೀಗೆ ಮೌನದ ಓದಾಗಿ, ಗಡಿಯಾರದ ಅಧೀನಕ್ಕೆ ಬಂದಿತು.

ಅಂದಿನಿಂದ ಬೆಳೆದು ಬಂದ ಮಾದರಿ ಸರಳವಾಗಿದೆ. ಎರಡು ಗಂಟೆಯ ಪತ್ರಿಕೆಯಲ್ಲಿ ನಾಲ್ಕು ಗದ್ಯಭಾಗಗಳು, ಅವುಗಳ ಮೇಲೆ 15 ಪ್ರಶ್ನೆಗಳು. ಐದನೆಯ ಭಾಗದಿಂದ ಐದು ವಾಕ್ಯಗಳನ್ನು ಕಿತ್ತು, ಎರಡು ಹೆಚ್ಚುವರಿ ವಾಕ್ಯಗಳೊಂದಿಗೆ ಕಲಸಿ ಕೊಟ್ಟು, ಯಾವುದು ಎಲ್ಲಿಗೆ ಸೇರಬೇಕೆಂದು ಕೇಳುವ ಇನ್ನೊಂದು ಪ್ರಶ್ನೆ. ಮೊದಲ ಭಾಗ ಜಾಹೀರಾತು ಅಥವಾ ಪ್ರವಾಸ ಮಾಹಿತಿಯಂಥ ಸುಲಭದ್ದಾಗಿ, ಕೊನೆಯವು ಬ್ರಿಟಿಷ್, ಅಮೆರಿಕನ್ ಪತ್ರಿಕೆಗಳ ವಿಜ್ಞಾನ ಬರಹಗಳನ್ನು ತಿದ್ದಿ ಮೊಟಕುಗೊಳಿಸಿದವಾಗಿರುವುದು ವಾಡಿಕೆ. ಅಭ್ಯಾಸ ಮಾಡಿಸುವ ಶಿಕ್ಷಕರು ಪ್ರಶ್ನೆಗಳನ್ನು ವಿವರ, ಅನುಮಾನ, ಮುಖ್ಯಾಂಶ, ಸಂದರ್ಭದಿಂದ ಪದಾರ್ಥದ ಊಹೆ ಎಂದು ವಿಂಗಡಿಸಿ, ಪಠ್ಯಕ್ಕಿಂತ ಮೊದಲು ಪ್ರಶ್ನೆಗಳ ಮೇಲೆ ಕಣ್ಣಾಡಿಸಲು, ಉತ್ತರದ ಆಧಾರವಾಗುವ ಸಾಲಿಗೆ ಗೆರೆ ಎಳೆಯಲು, ತಪ್ಪಿದ ಪ್ರಶ್ನೆಗಳನ್ನು ಬೇರೆ ಪುಸ್ತಕದಲ್ಲಿ ಬರೆದಿಡಲು ಕಲಿಸುತ್ತಾರೆ. ಉದ್ದನೆಯ ವಾಕ್ಯವನ್ನು ಕರ್ತೃ, ಕ್ರಿಯಾಪದಗಳಾಗಿ ಬಿಡಿಸುವಾಗ ಮಾತ್ರ ಹಳೆಯ ಜಿಂಗ್‌ದು ಮತ್ತೆ ಇಣುಕುತ್ತದೆ. ಹಿಂದಿನ ವರ್ಷಗಳ ಪತ್ರಿಕೆಗಳನ್ನೂ ಅಣಕು ಪತ್ರಿಕೆಗಳನ್ನೂ ಕಂತೆಕಂತೆಯಾಗಿ ಬಿಡಿಸುವ ಈ ವಿಧಾನವನ್ನು ಚೀನೀಯರು ತಾವೇ ಪ್ರಶ್ನಸಾಗರದ ಯುದ್ಧತಂತ್ರ ಎಂದು ಹಾಸ್ಯ ಮಾಡುತ್ತಾರೆ. ಇದರ ಫಲವಾಗಿ ಉತ್ತರ ಎಲ್ಲಿ ಅಡಗಿದೆ ಎಂಬುದನ್ನು ಬಲ್ಲ ಓದುಗರು ಹೇರಳವಾಗಿ ತಯಾರಾದರು. ಬರೆದವನ ಮಾತನ್ನು ಒಪ್ಪಬೇಕೇ ಬೇಡವೇ ಎಂಬ ಪ್ರಶ್ನೆಗೆ ಆ ಪತ್ರಿಕೆಯಲ್ಲಿ ಜಾಗವೇ ಇರಲಿಲ್ಲ.

ಈ ಕೊರತೆಯನ್ನು ತುಂಬುವ ಗಟ್ಟಿ ಪ್ರಯತ್ನವೆಂದರೆ, ಕೊನೆಯಿಲ್ಲದ ಕಥೆಯೊಂದನ್ನು ಕೊಟ್ಟು ಅದನ್ನು ಎರಡು ಪರಿಚ್ಛೇದಗಳಲ್ಲಿ ಮುಂದುವರಿಸಿ ಬರೆಯಲು ಹೇಳುವ ಪ್ರಶ್ನೆ. ಓದಿದ್ದನ್ನು ಅನುಕರಿಸುತ್ತ ಬರೆದಾಗಲೇ ಭಾಷೆ ಮೈಗೂಡುತ್ತದೆ ಎಂಬ, ಭಾಷಾಕಲಿಕೆಯ ವಿದ್ವಾಂಸ ವಾಂಗ್ ಚುಮಿಂಗ್‌ರ ವಾದದ ಆಧಾರದ ಮೇಲೆ ಇದನ್ನು 2016ರ ಅಕ್ಟೋಬರ್‌ನಲ್ಲಿ ಜೆಜಿಯಾಂಗ್ ಪ್ರಾಂತದಲ್ಲಿ ಮೊದಲ ಬಾರಿಗೆ ಬಳಸಲಾಯಿತು. ಈಗ ಇತರ ಪ್ರಾಂತಗಳಿಗೂ ಹರಡಿರುವ ಈ ಪ್ರಶ್ನೆಗೆ 25 ಅಂಕಗಳಿದ್ದು, ಉತ್ತರಗಳನ್ನು ಯಂತ್ರದ ಬದಲು ಶಿಕ್ಷಕರೇ ಓದಿ ಅಂಕ ಕೊಡಬೇಕಾಗಿದೆ. ಕಥೆ ಮುಂದುವರಿಸುವುದಕ್ಕೂ ಕಣ್ಣೀರು, ಬಿಸಿಲು, ಅಪ್ಪುಗೆಗಳ ಸಿದ್ಧವಾಕ್ಯಗಳನ್ನು ಒದಗಿಸುವ ಮಾರ್ಗದರ್ಶಿ ಪುಸ್ತಕಗಳು ಅಷ್ಟರಲ್ಲೇ ಅಂಗಡಿಗಳಿಗೆ ಬಂದಿದ್ದವು.